ಎಂ.ಟೆಕ್‌ಗೆ ಹೊಸ ಎಲೆಕ್ಟಿವ್: ಇಂಟರ್ನೆಟ್ ಪ್ರೊಟೊಕಾಲ್‌ಗಳನ್ನು ಓದಿ, ಬರೆದು, ಓಡಿಸುವುದು. ಕರಡು ಇಲ್ಲಿದೆ, ಅಭಿಪ್ರಾಯ ಹೇಳಿ

ಪ್ಯಾಕೆಟ್‌ಮೇಡಂ

ಎಲ್ಲರಿಗೂ ನಮಸ್ಕಾರ. ಬರುವ ಸೆಮಿಸ್ಟರ್‌ನಿಂದ ನಮ್ಮ ಕಾಲೇಜಿನ ಎಂ.ಟೆಕ್ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳಿಗೆ ಒಂದು ಹೊಸ ಎಲೆಕ್ಟಿವ್ ಶುರು ಮಾಡುತ್ತಿದ್ದೇನೆ: 'ಇಂಟರ್ನೆಟ್ ಪ್ರೊಟೊಕಾಲ್‌ಗಳು ಮತ್ತು ಅವುಗಳ ಇಂಪ್ಲಿಮೆಂಟೇಶನ್', ಅಂದರೆ ಕಂಪ್ಯೂಟರ್‌ಗಳು ತಮ್ಮೊಳಗೆ ಮಾತಾಡುವ ನಿಯಮಗಳು ಮತ್ತು ಅವನ್ನು ಕೋಡ್ ಆಗಿ ಬರೆಯುವುದು. ಸಿಲಬಸ್‌ಗೆ ಬೋರ್ಡ್ ಆಫ್ ಸ್ಟಡೀಸ್ ಒಪ್ಪಿಗೆ ಸಿಕ್ಕಿದೆ. ಲ್ಯಾಬ್ ಹೇಗಿರಬೇಕು ಎಂಬುದು ಮಾತ್ರ ಇನ್ನೂ ನನ್ನ ಕೈಯಲ್ಲಿದೆ. ನೆಟ್‌ವರ್ಕ್ ಕೆಲಸದಲ್ಲಿ ಕೈ ಕೆಸರು ಮಾಡಿಕೊಂಡವರು ಇಲ್ಲಿ ತುಂಬ ಜನ ಇದ್ದೀರಿ. ಬೈಯುವುದಿದ್ದರೆ ಈಗಲೇ ಬೈದುಬಿಡಿ. ಕ್ಲಾಸ್ ಶುರುವಾದ ಮೇಲೆ ಬೈದರೆ ಏನೂ ಬದಲಾಯಿಸಲು ಆಗುವುದಿಲ್ಲ.

ನಮ್ಮಲ್ಲಿಗೆ ಬರುವವರೆಲ್ಲ ಬಿ.ಇ.ಯಲ್ಲಿ ಒಂದು ನೆಟ್‌ವರ್ಕ್ಸ್ ಪೇಪರ್ ಮುಗಿಸಿರುತ್ತಾರೆ. ಏಳು ಲೇಯರ್‌ಗಳ ಹೆಸರು ಒಂದೇ ಉಸಿರಿಗೆ ಹೇಳುತ್ತಾರೆ. ಟಿಸಿಪಿ (ಡೇಟಾ ಪೂರ್ತಿಯಾಗಿ, ಕ್ರಮವಾಗಿ ತಲುಪುವಂತೆ ನೋಡಿಕೊಳ್ಳುವ ಪ್ರೊಟೊಕಾಲ್) ಹೆಡರ್‌ನ, ಅಂದರೆ ಪ್ರತಿ ಪ್ಯಾಕೆಟ್‌ನ ತಲೆಬರಹದ, ಚಿತ್ರ ಒಂದು ಬಿಟ್ ತಪ್ಪದೆ ಬಿಡಿಸುತ್ತಾರೆ. 'ಪ್ಯಾಕೆಟ್ ಕಳಿಸಿದಿರಿ, ಉತ್ತರ ಬರಲಿಲ್ಲ. ಇನ್ನೊಮ್ಮೆ ಕಳಿಸುವ ಮುಂಚೆ ಎಷ್ಟು ಹೊತ್ತು ಕಾಯುತ್ತೀರಿ?' ಎಂದು ಕೇಳಿದರೆ ಕ್ಲಾಸ್ ಪೂರ್ತಿ ಸುಮ್ಮನಾಗುತ್ತದೆ.

ಹೆಡರ್‌ನಲ್ಲಿ ಏನಿದೆ ಎಂಬುದು ಸುಲಭದ ಭಾಗ. ಯಾವಾಗ ಕಳಿಸಬೇಕು, ಯಾವಾಗ ಸುಮ್ಮನಿರಬೇಕು ಎಂಬುದೇ ಕಷ್ಟ. ಅದು ಸ್ವಂತ ಕೋಡ್ ಬರೆಯದೆ ತಲೆಗೆ ಹತ್ತುವುದಿಲ್ಲ ಎಂಬುದು ನನ್ನ ವಾದ.

1986ರ ಕಥೆ ನಿಮಗೆಲ್ಲ ಗೊತ್ತಿರಬಹುದು, ಆದರೂ ಹೇಳುತ್ತೇನೆ. ಟಿಸಿಪಿಯ ಸ್ಪೆಕ್ ಆರ್‌ಎಫ್‌ಸಿ 793 (ಇಂಟರ್ನೆಟ್ ನಿಯಮಗಳನ್ನು ಬರೆದಿಡುವ, ನಂಬರ್ ಹಾಕಿದ ದಾಖಲೆಗಳೇ ಆರ್‌ಎಫ್‌ಸಿಗಳು) ಬಂದದ್ದು 1981ರ ಸೆಪ್ಟೆಂಬರ್‌ನಲ್ಲಿ. 1983ರ ಜನವರಿ 1ರಂದು ಇಂಟರ್ನೆಟ್‌ನ ಮೂಲವಾದ ಅರ್ಪಾನೆಟ್ ಟಿಸಿಪಿ/ಐಪಿಗೆ ಬದಲಾಯಿತು. 1986ರ ಅಕ್ಟೋಬರ್‌ನಲ್ಲಿ ಲಾರೆನ್ಸ್ ಬರ್ಕ್ಲಿ ಲ್ಯಾಬ್‌ಗೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ವೇಗ ಸೆಕೆಂಡಿಗೆ 32 ಕಿಲೋಬಿಟ್‌ನಿಂದ 40 ಬಿಟ್‌ಗೆ ಬಿತ್ತು. ಕಿಲೋ ಅಲ್ಲ, ಬರೀ ಬಿಟ್. ಎರಡೂ ಜಾಗದ ನಡುವೆ ಇದ್ದದ್ದು 400 ಗಜ. ಪ್ಯಾಕೆಟ್ ಕಳೆದುಹೋಯಿತು ಎಂದುಕೊಂಡ ಮೆಷಿನ್‌ಗಳು ಮತ್ತೆ ಮತ್ತೆ ಕಳಿಸಿದವು, ಮೊದಲೇ ತುಂಬಿದ್ದ ಲೈನ್ ಇನ್ನೂ ತುಂಬಿತು. ಲೈನ್ ತುಂಬಿದರೆ ನಿಧಾನ ಮಾಡುವುದು ಹೇಗೆ ಎಂಬುದಕ್ಕೆ 793ರಲ್ಲಿ ದಾರಿಯೇ ಇರಲಿಲ್ಲ. ವ್ಯಾನ್ ಜೇಕಬ್‌ಸನ್ ಮತ್ತು ಮೈಕ್ ಕರೆಲ್ಸ್ ಇದಕ್ಕೆ ಮದ್ದು ಹುಡುಕಿದರು, 1988ರಲ್ಲಿ ಪೇಪರ್ ಬಂತು. ಸ್ಲೋ ಸ್ಟಾರ್ಟ್ (ಕಮ್ಮಿಯಿಂದ ಶುರು ಮಾಡಿ ನೋಡಿಕೊಂಡು ಏರಿಸುವುದು) ಎಂದು ನಾವು ಬಾಯಿಪಾಠ ಮಾಡಿಸುವುದು ಅದನ್ನೇ. ಗಮನಿಸಿ, ಹೆಡರ್‌ನಲ್ಲಿ ಒಂದು ಬಿಟ್ ಕೂಡ ಬದಲಾಗಲಿಲ್ಲ. ಎಷ್ಟು ಕಳಿಸಬೇಕು, ಯಾವಾಗ ಕಳಿಸಬೇಕು ಎಂಬುದಷ್ಟೇ ಬದಲಾಯಿತು.

ಯೋಜನೆ ಹೀಗಿದೆ. ಮೊದಲ ಮೂರು ವಾರ ಐಪಿ (ಪ್ಯಾಕೆಟ್‌ಗೆ ವಿಳಾಸ ಹಾಕಿ ಸಾಗಿಸುವುದು) ಮತ್ತು ಐಸಿಎಂಪಿ (ತಪ್ಪು, ತಪಾಸಣೆಯ ಸಂದೇಶಗಳು): ವಿದ್ಯಾರ್ಥಿಯ ಪ್ರೋಗ್ರಾಮ್ 'ಇದ್ದೀಯಾ?' ಎಂದು ಕೇಳುವ ಪಿಂಗ್‌ಗೆ ಉತ್ತರ ಕೊಡಬೇಕು. ಆಮೇಲೆ ಎಂಟು ವಾರ ಟಿಸಿಪಿ ಒಂದೇ. ಉಳಿದ ವಾರಗಳಲ್ಲಿ ಡಿಎನ್‌ಎಸ್ ರಿಸಾಲ್ವರ್ (ವೆಬ್‌ಸೈಟ್ ಹೆಸರಿನಿಂದ ಐಪಿ ವಿಳಾಸ ಹುಡುಕುವುದು) ಅಥವಾ ಕ್ವಿಕ್ (ಟಿಸಿಪಿಯ ಕೆಲಸವನ್ನು ಹೊಸ ರೀತಿಯಲ್ಲಿ ಮಾಡುವ ಪ್ರೊಟೊಕಾಲ್), ಅವರವರ ಇಷ್ಟ. ಸಿಮ್ಯುಲೇಟರ್ ಇಲ್ಲ. ಅವರು ಬರೆದ ಟಿಸಿಪಿ ನಿಜವಾದ ಲಿನಕ್ಸ್ ಜೊತೆ ಮಾತಾಡಬೇಕು. ದಾರಿಯಲ್ಲಿ ನೂರಕ್ಕೆ ಐದು ಪ್ಯಾಕೆಟ್ ಬೀಳಿಸಿದರೂ ಫೈಲ್ ಸರಿಯಾಗಿ ತಲುಪಬೇಕು. ಸ್ಲೈಡ್ ಕೊಡುವುದಿಲ್ಲ, ಆರ್‌ಎಫ್‌ಸಿಗಳನ್ನೇ ಓದಬೇಕು: 791, 1122, 5681, 6298, ಮತ್ತು 793ರ ಜಾಗಕ್ಕೆ 2022ರಲ್ಲಿ ಬಂದ 9293.

ಹಳೇ_ಮೋಡೆಮ್

ಒಳ್ಳೆಯ ಕೆಲಸ ಮೇಡಂ. 1986 ಅಂದಾಗ ನೆನಪಾಯಿತು, ನಮ್ಮಲ್ಲಿ ವಿದ್ಯಾಸಂಸ್ಥೆಗಳನ್ನು ಜೋಡಿಸುವ ಎರ್ನೆಟ್ ಯೋಜನೆ ಶುರುವಾದದ್ದೂ ಅದೇ ವರ್ಷ. ಐದು ಐಐಟಿಗಳ ಜೊತೆ ಬೆಂಗಳೂರಿನ ಐಐಎಸ್‌ಸಿ ಕೂಡ ಅದರಲ್ಲಿತ್ತು. ಸಾಮಾನ್ಯ ಜನರಿಗೆ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ಕ್ಕೆ.

ಆದರೆ ಎಂಟು ವಾರ ಟಿಸಿಪಿ ಒಂದಕ್ಕೇ? ಜಾಸ್ತಿ ಆಯಿತು ಅನ್ನಿಸುತ್ತದೆ. ಐಎಸ್‌ಪಿ (ಇಂಟರ್ನೆಟ್ ಕೊಡುವ ಕಂಪನಿ) ಕಡೆ ಕೆಲಸಕ್ಕೆ ಬರುವ ಹುಡುಗರಿಗೆ ಬೇಕಾದದ್ದು ಬಿಜಿಪಿ, ಅಂದರೆ ಯಾವ ವಿಳಾಸಕ್ಕೆ ಯಾವ ದಾರಿ ಎಂದು ನೆಟ್‌ವರ್ಕ್‌ಗಳು ಪರಸ್ಪರ ಹೇಳಿಕೊಳ್ಳುವ ಪ್ರೊಟೊಕಾಲ್. 2008ರ ಫೆಬ್ರವರಿ 24ರಂದು ಪಾಕಿಸ್ತಾನ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ಮುಚ್ಚಲು ಹೋಯಿತು. ಈ ವಿಳಾಸಗಳಿಗೆ ದಾರಿ ನಾನೇ ಎಂದು ಅದು ಹಾಕಿದ 208.65.153.0/24 ಎಂಬ ರೂಟ್ (ದಾರಿ) ಹೊರಗೂ ಸೋರಿತು. ಯೂಟ್ಯೂಬ್ ತಾನು ಹೇಳುತ್ತಿದ್ದದ್ದು /22. ಗೆರೆಯ ಆಚೆಯ ಅಂಕಿ ದೊಡ್ಡದಾದಷ್ಟೂ ವಿಳಾಸಗಳ ಗುಂಪು ಚಿಕ್ಕದು, ನಿಖರ. ಉದ್ದದ ಪ್ರಿಫಿಕ್ಸ್ ಗೆಲ್ಲುತ್ತದೆ, ಅಷ್ಟೇ. ಪ್ರಪಂಚದ ಯೂಟ್ಯೂಬ್ ಸುಮಾರು ಎರಡು ಗಂಟೆ ಎಡವಟ್ಟಾಯಿತು. ಇದನ್ನು ಕಲಿಸದೆ ಇಂಟರ್ನೆಟ್ ಪ್ರೊಟೊಕಾಲ್ ಕೋರ್ಸ್ ಅಂದರೆ ಹೇಗೆ?

ಪ್ಯಾಕೆಟ್‌ಮೇಡಂ

ಸರ್, ಬಿಜಿಪಿ ಓಡುವುದೇ ಟಿಸಿಪಿಯ 179ನೇ ಪೋರ್ಟ್ ಮೇಲೆ. ತಮಾಷೆಗೆ ಹೇಳಿದೆ, ನಿಮ್ಮ ಮಾತು ಸರಿ. ಆದರೆ ಬಿಜಿಪಿಯಲ್ಲಿ ಕಷ್ಟ ಇರುವುದು ಯಾರ ಮಾತು ನಂಬಬೇಕು, ಯಾರಿಗೆ ಏನು ಹೇಳಬೇಕು ಎಂಬಲ್ಲಿ. ಅದು ಅರ್ಧ ತಂತ್ರಜ್ಞಾನ, ಅರ್ಧ ವ್ಯವಹಾರ. ಅದಕ್ಕೆ ಬೇರೆಯೇ ಪೇಪರ್ ಬೇಕು, ನಿಮ್ಮಂಥವರು ಬಂದು ಪಾಠ ಮಾಡಬೇಕು. ಎರಡನ್ನೂ ಒಂದೇ ಸೆಮಿಸ್ಟರ್‌ಗೆ ತುರುಕಿದರೆ ಮತ್ತೆ ಬಿ.ಇ. ಪೇಪರ್ ತರಹವೇ ಆಗುತ್ತದೆ. ಎಲ್ಲ ಮುಟ್ಟಿದ ಹಾಗೆ, ಯಾವುದೂ ಬಾರದ ಹಾಗೆ.

ಎಂಟೆಕ್_ಹುಡುಗ

ಮೇಡಂ, ನಾನು ಬೇರೆ ಕಾಲೇಜು, ಆದರೂ ಕೇಳುತ್ತೇನೆ. ಟಿಸಿಪಿ ಲಿನಕ್ಸ್‌ನಲ್ಲಿ ಆಗಲೇ ಇದೆ. ಅದನ್ನು ಮತ್ತೆ ಬರೆಯುವ ಕೆಲಸ ಯಾವ ಕಂಪನಿಯೂ ಕೊಡುವುದಿಲ್ಲ ಅಲ್ವಾ? ಪ್ಲೇಸ್‌ಮೆಂಟ್‌ಗೆ ಇದರಿಂದ ಏನು ಉಪಯೋಗ? ಬೇಜಾರು ಮಾಡಿಕೊಳ್ಳಬೇಡಿ.

ಪೇಮೆಂಟ್_ಪ್ಲಂಬರ್

ಇದಕ್ಕೆ ನಾನು ಉತ್ತರ ಕೊಡುತ್ತೇನೆ ತಮ್ಮಾ. ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಎರಡು ಸರ್ವರ್ ನಡುವೆ ಪ್ರತಿ ರಿಕ್ವೆಸ್ಟ್‌ಗೂ 40 ಮಿಲಿಸೆಕೆಂಡ್ ತಡ ಆಗುತ್ತಿತ್ತು. ಎರಡೂ ಒಂದೇ ರ‍್ಯಾಕ್‌ನಲ್ಲಿ ಇದ್ದವು. ಸಿಪಿಯು ಖಾಲಿ, ಡೇಟಾಬೇಸ್ ಆರಾಮು, ನೆಟ್‌ವರ್ಕ್‌ನವರು ಲಿಂಕ್ ಚೆನ್ನಾಗಿದೆ ಅಂದರು. ಮೀಟಿಂಗ್ ಮೇಲೆ ಮೀಟಿಂಗ್. ಇನ್ನಷ್ಟು ಸರ್ವರ್ ಹಾಕೋಣ ಎಂಬ ತೀರ್ಮಾನಕ್ಕೂ ಬಂದಿದ್ದರು.

ಹೋಗಿಬರುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹಾಕಿ ನೋಡಿದರೆ ಕಥೆಯೇ ಬೇರೆ. ನಮ್ಮ ಪ್ರೋಗ್ರಾಮ್ ಮೊದಲು ಚಿಕ್ಕ ಹೆಡರ್ ಬರೆಯುತ್ತಿತ್ತು, ಆಮೇಲೆ ಪ್ರತ್ಯೇಕವಾಗಿ ಬಾಡಿ. ಹೆಡರ್ ಹೋಯಿತು. ಬಾಡಿಯೂ ಚಿಕ್ಕದೇ. ಅದನ್ನು ನೇಗಲ್ ಅಲ್ಗಾರಿದಮ್ ಹಿಡಿದಿಟ್ಟುಕೊಂಡಿತು: ಹಿಂದಿನದಕ್ಕೆ ಎಸಿಕೆ (ತಲುಪಿತು ಎಂಬ ಉತ್ತರ) ಬರಲಿ, ಆಮೇಲೆ ಕಳಿಸುತ್ತೇನೆ ಅಂತ. ಆ ಕಡೆಯವನು ಡಿಲೇಡ್ ಎಸಿಕೆ ಇಟ್ಟುಕೊಂಡಿದ್ದಾನೆ: ಇನ್ನೂ ಡೇಟಾ ಬರಲಿ, ಒಟ್ಟಿಗೆ ಎಸಿಕೆ ಕೊಡುತ್ತೇನೆ ಅಂತ. ಬಾಗಿಲಲ್ಲಿ ಇಬ್ಬರು ನೀವು ಮೊದಲು, ನೀವು ಮೊದಲು ಅಂತ ನಿಂತ ಹಾಗೆ. ಲಿನಕ್ಸ್‌ನಲ್ಲಿ ಆ ಕಾಯುವಿಕೆಯ ಕನಿಷ್ಠ ಮಿತಿ 40 ಮಿಲಿಸೆಕೆಂಡ್. ಲೆಕ್ಕ ಸರಿಯಾಗಿ ಕೂತಿತು. ಎರಡು ರೈಟ್ ಸೇರಿಸಿ ಒಂದು ಮಾಡಿದೆವು, ನೇಗಲ್ ಅಲ್ಗಾರಿದಮ್ ಆರಿಸುವ 'ಟಿಸಿಪಿ ನೋ-ಡಿಲೇ' ಆಪ್ಷನ್ ಹಾಕಿದೆವು, ತಡ ಮಾಯ.

ನೇಗಲ್‌ನದ್ದು ತಪ್ಪು ಅಂತಲ್ಲ. ಜಾನ್ ನೇಗಲ್ ಫೋರ್ಡ್ ಏರೋಸ್ಪೇಸ್‌ನಲ್ಲಿ ಇದ್ದಾಗ 1984ರ ಜನವರಿಯಲ್ಲಿ ಬರೆದ ಆರ್‌ಎಫ್‌ಸಿ 896 ಓದಿ. ದೂರದ ಮೆಷಿನ್‌ನಲ್ಲಿ ಟೈಪ್ ಮಾಡುವ ಟೆಲ್ನೆಟ್‌ನಲ್ಲಿ ಒಂದು ಅಕ್ಷರ ಒತ್ತಿದರೆ 40 ಬೈಟ್ ಹೆಡರ್ ಹೊತ್ತುಕೊಂಡು 41 ಬೈಟ್ ಪ್ಯಾಕೆಟ್ ಹೋಗುತ್ತಿತ್ತು. ಅದಕ್ಕೆ ಅವರ ಮದ್ದು ಚೆನ್ನಾಗಿಯೇ ಇದೆ. ಡಿಲೇಡ್ ಎಸಿಕೆಯೂ ಚೆನ್ನಾಗಿಯೇ ಇದೆ. ಎರಡೂ ಸೇರಿದಾಗ ಏನಾಗುತ್ತದೆ ಎಂಬುದು ಎರಡನ್ನೂ ಕೈಯಾರೆ ಬರೆದವನಿಗೆ ತಕ್ಷಣ ಹೊಳೆಯುತ್ತದೆ. ಟಿಸಿಪಿ ಬರೆಯುವ ಕೆಲಸ ಯಾರೂ ಕೊಡದೇ ಇರಬಹುದು. ಟಿಸಿಪಿ ಗೊತ್ತಿಲ್ಲದೆ ಮಾಡಲಾಗದ ಕೆಲಸ ಮಾತ್ರ ಬೇಕಾದಷ್ಟಿದೆ.

ಎಂಟೆಕ್_ಹುಡುಗ

ಸರ್ ಇದು ಇಂಟರ್ವ್ಯೂನಲ್ಲಿ ಹೇಳಿದರೆ ಕೆಲಸ ಗ್ಯಾರಂಟಿ.

ಕರ್ನಲ್‌ಕಪಿ

ಲ್ಯಾಬ್ ಬಗ್ಗೆ ಬರೆಯುತ್ತೇನೆ. ಹೆಚ್ಚಿನ ಕೋರ್ಸ್‌ಗಳು ಎಡವುವುದು ಅಲ್ಲೇ.

ದಯವಿಟ್ಟು ರಾ ಸಾಕೆಟ್‌ನಿಂದ (ಪ್ರೋಗ್ರಾಮ್ ತಾನೇ ಕಟ್ಟಿದ ಪ್ಯಾಕೆಟ್ ನೇರ ಕಳಿಸುವ ದಾರಿ) ಶುರು ಮಾಡಿಸಬೇಡಿ. ವಿದ್ಯಾರ್ಥಿ ಕನೆಕ್ಷನ್ ಕೇಳುವ ಸಿನ್ ಪ್ಯಾಕೆಟ್ ಕೈಯಾರೆ ಕಟ್ಟಿ ಕಳಿಸುತ್ತಾನೆ. ಎದುರಿನ ಸರ್ವರ್ ಒಪ್ಪಿಗೆಯ ಸಿನ್-ಎಸಿಕೆ ಕೊಡುತ್ತದೆ. ಅದು ಮೊದಲು ಸಿಗುವುದು ವಿದ್ಯಾರ್ಥಿಯ ಮೆಷಿನ್‌ನ ಕರ್ನಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿಗೆ. ಈ ಕನೆಕ್ಷನ್ ನಾನು ತೆರೆದೇ ಇಲ್ಲವಲ್ಲ ಎಂದು ಕರ್ನಲ್ ಥಟ್ಟನೆ ಕನೆಕ್ಷನ್ ಕಡಿಯುವ ರೀಸೆಟ್ ಕಳಿಸುತ್ತದೆ. ಹುಡುಗರು ತಮ್ಮ ಕೋಡ್‌ನಲ್ಲಿ ತಪ್ಪು ಹುಡುಕುತ್ತಾ ಕೂರುತ್ತಾರೆ, ಕೋಡ್ ಸರಿಯಾಗಿಯೇ ಇರುತ್ತದೆ. ಲಿನಕ್ಸ್‌ನ ಫೈರ್‌ವಾಲ್ ಐಪಿಟೇಬಲ್ಸ್‌ನಲ್ಲಿ ಆ ರೀಸೆಟ್ ತಡೆಯಬಹುದು, ಆದರೆ ಅದು ತೇಪೆ ಕೆಲಸ.

ಟನ್ ಡಿವೈಸ್ ಬಳಸಿ. ಕರ್ನಲ್ ಅದನ್ನು ಇನ್ನೊಂದು ನೆಟ್‌ವರ್ಕ್ ಕಾರ್ಡ್ ಎಂದುಕೊಳ್ಳುತ್ತದೆ. ಆ ಕಡೆಗೆ ಹೋದ ಪ್ರತಿ ಐಪಿ ಪ್ಯಾಕೆಟ್ ನಿಮ್ಮ ಪ್ರೋಗ್ರಾಮ್‌ಗೆ ಒಂದು ರೀಡ್‌ನಲ್ಲಿ ಸಿಗುತ್ತದೆ. ನೀವು ರೈಟ್ ಮಾಡಿದ್ದು ಹೊರಗಿನಿಂದ ಬಂದ ಪ್ಯಾಕೆಟ್ ಹಾಗೆ ಕರ್ನಲ್ ಒಳಗೆ ಹೋಗುತ್ತದೆ. ಎರಡೂ ಕಡೆ ಬೇರೆ ಬೇರೆ ಐಪಿ ವಿಳಾಸ, ಜಗಳ ಇಲ್ಲ.

ಪ್ಯಾಕೆಟ್ ಬೀಳಿಸಲು, ತಡ ಮಾಡಲು, ಅದಲುಬದಲು ಮಾಡಲು ನೆಟೆಮ್ ಇದೆ. ಟಿಸಿ ಕಮಾಂಡ್‌ನಲ್ಲಿ ಒಂದು ಸಾಲು. ನೂರಕ್ಕೆ ಐದು ಬೀಳಿಸುವುದು ಸರಿ, ಅದಕ್ಕಿಂತ ಮುಖ್ಯ ಅದಲುಬದಲು. ಪ್ಯಾಕೆಟ್ 3, 2ಕ್ಕಿಂತ ಮೊದಲು ಬಂದಾಗ ಜೋಡಿಸುವ ಕೋಡ್‌ನಲ್ಲೇ ನಾನು ನೋಡಿದ ಅರ್ಧಕ್ಕರ್ಧ ತಪ್ಪುಗಳು ಇರುತ್ತವೆ.

ಇನ್ನೊಂದು ಮೋಸ ಈಗಲೇ ಹೇಳಿಬಿಡಿ. ಪ್ಯಾಕೆಟ್ ಹಿಡಿದು ತೋರಿಸುವ ವೈರ್‌ಶಾರ್ಕ್‌ನಲ್ಲಿ ನಮ್ಮ ಮೆಷಿನ್‌ನಿಂದ ಹೊರಟ ಪ್ಯಾಕೆಟ್‌ಗಳ ಚೆಕ್‌ಸಮ್ (ದಾರಿಯಲ್ಲಿ ಕೆಟ್ಟಿದೆಯೇ ಎಂದು ತಿಳಿಯಲು ಹಾಕುವ ಮೊತ್ತ) ತಪ್ಪು ಎಂದು ಕಾಣಬಹುದು. ಗಾಬರಿ ಬೇಡ. ಚೆಕ್‌ಸಮ್ ಹಾಕುವ ಕೆಲಸವನ್ನು ಕರ್ನಲ್ ನೆಟ್‌ವರ್ಕ್ ಕಾರ್ಡ್‌ಗೆ ಬಿಟ್ಟಿರುತ್ತದೆ, ವೈರ್‌ಶಾರ್ಕ್ ಹಿಡಿಯುವುದು ಅದಕ್ಕಿಂತ ಮುಂಚೆ. 1500 ಬೈಟ್ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಇರುವ ಕಡೆ ಹತ್ತಾರು ಸಾವಿರ ಬೈಟ್‌ನ ಪ್ಯಾಕೆಟ್ ಕಾಣುವುದಕ್ಕೂ ಇಂಥದ್ದೇ ಕಾರಣ. ಲ್ಯಾಬ್‌ನಲ್ಲಿ ಈ ಆಫ್‌ಲೋಡ್‌ಗಳನ್ನು ಎತ್‌ಟೂಲ್ ಕಮಾಂಡ್‌ನಲ್ಲಿ ಆರಿಸಿಡಿ.

ಕೊನೆಯದಾಗಿ, ಸೀಕ್ವೆನ್ಸ್ ನಂಬರ್, ಅಂದರೆ ಕಳಿಸುವ ಬೈಟ್‌ಗಳಿಗೆ ಟಿಸಿಪಿ ಕೊಡುವ ಕ್ರಮಸಂಖ್ಯೆ. 32 ಬಿಟ್. 1 ಗಿಗಾಬಿಟ್ ಲೈನ್‌ನಲ್ಲಿ ಸುಮಾರು 34 ಸೆಕೆಂಡಿಗೆ ಒಂದು ಸುತ್ತು ಮುಗಿದು ಮತ್ತೆ ಸೊನ್ನೆಗೆ ಬರುತ್ತದೆ. ಇವನು ದೊಡ್ಡವನಾ ಅವನು ದೊಡ್ಡವನಾ ಎಂದು ನೇರ ಹೋಲಿಸಿದರೆ ಕೆಟ್ಟಿತು. ಕಳೆದು, ಸೈನ್ಡ್ (ಋಣವೂ ಆಗಬಲ್ಲ ಸಂಖ್ಯೆ) ಮಾಡಿ, ಸೊನ್ನೆಗಿಂತ ಕಮ್ಮಿಯಾ ಎಂದು ನೋಡಬೇಕು. ಶುರುವಿನ ನಂಬರನ್ನು ಬೇಕೆಂದೇ 32 ಬಿಟ್‌ನ ತುದಿಯಲ್ಲಿ ಇಟ್ಟು ಪರೀಕ್ಷೆ ಮಾಡಿ. ಅರ್ಧ ಕ್ಲಾಸ್ ಅಲ್ಲೇ ಬೀಳುತ್ತದೆ.

ಲ್ಯಾಬ್_ಅಣ್ಣ

ಕಾಲೇಜ್ ಲ್ಯಾಬ್ ನೋಡಿಕೊಳ್ಳುವವನಾಗಿ ಒಂದು ಮಾತು. ಟನ್ ಗಿನ್ ಎಲ್ಲದಕ್ಕೂ ರೂಟ್ (ಮೆಷಿನ್ ಮೇಲೆ ಪೂರ್ತಿ ಅಧಿಕಾರ) ಬೇಕು. ರೂಟ್ ನಾವು ಕೊಡುವುದಿಲ್ಲ. ಕೊಟ್ಟರೆ ಮರುದಿನ ಹಾಸ್ಟೆಲ್‌ಗೆ ನೆಟ್ ಇರುವುದಿಲ್ಲ.

ಕರ್ನಲ್‌ಕಪಿ

ಅಣ್ಣಾ, ಕೊಡುವುದೇ ಬೇಡ. ಅನ್‌ಶೇರ್ ಕಮಾಂಡ್‌ನಿಂದ ಯೂಸರ್ ನೇಮ್‌ಸ್ಪೇಸ್ ಮತ್ತು ನೆಟ್‌ವರ್ಕ್ ನೇಮ್‌ಸ್ಪೇಸ್ ತೆರೆದರೆ ವಿದ್ಯಾರ್ಥಿ ಆ ಗೂಡಿನೊಳಗೆ ಮಾತ್ರ ರೂಟ್. ಅಲ್ಲಿ ಟನ್ ಮಾಡಲಿ, ನೆಟೆಮ್ ಹಾಕಲಿ, ಹೊರಗಿನ ನೆಟ್‌ವರ್ಕ್ ಮುಟ್ಟಲು ಆಗುವುದಿಲ್ಲ. ಉಬುಂಟು 24.04 ಇದ್ದರೆ ಅದರ ಸೆಕ್ಯುರಿಟಿ ಕಾವಲು ಆ್ಯಪ್‌ಆರ್ಮರ್ ಇದಕ್ಕೆ ಅಡ್ಡ ಬರುತ್ತದೆ, ಆ ಸೆಟ್ಟಿಂಗ್ ಮಾತ್ರ ನೀವು ನೋಡಬೇಕು. ಅದೂ ಬೇಡ ಎಂದರೆ ವರ್ಚುವಲ್ ಮೆಷಿನ್.

ಲ್ಯಾಬ್_ಅಣ್ಣ

ವರ್ಚುವಲ್ ಮೆಷಿನ್ ಸರಿ. ಆ್ಯಪ್‌ಆರ್ಮರ್ ಸಹವಾಸ ನನಗೆ ಬೇಡ.

ಕಡಲಾಚೆ_ಕನ್ನಡಿಗ

ಕ್ಯಾಲಿಫೋರ್ನಿಯಾದಿಂದ ನಮಸ್ಕಾರ. ಮೇಡಂ, 2025 ದಾಟಿದ ಮೇಲೂ ಎಂಟು ವಾರ ಟಿಸಿಪಿ ಯಾಕೆ? ಕ್ವಿಕ್ ಆರ್‌ಎಫ್‌ಸಿ 9000 ಆಗಿ ಬಂದದ್ದು 2021ರ ಮೇ ತಿಂಗಳಲ್ಲಿ. ಅದರ ಮೇಲೆ ವೆಬ್ ಓಡಿಸುವ ಎಚ್‌ಟಿಟಿಪಿ/3 ಮರುವರ್ಷ. ಬ್ರೌಸರ್‌ಗಳೆಲ್ಲ ಅದನ್ನೇ ಮಾತಾಡುತ್ತವೆ. ಕ್ವಿಕ್ ಕರ್ನಲ್ ಹೊರಗೆ, ಯುಡಿಪಿ (ತಲುಪಿತೇ ಎಂದು ನೋಡದೆ ಕಳಿಸುವ ಸರಳ ಪ್ರೊಟೊಕಾಲ್) ಮೇಲೆ ಓಡುತ್ತದೆ. ನಿಮಗೆ ಟನ್ ತಂಟೆಯೂ ಇಲ್ಲ, ರೂಟ್ ತಂಟೆಯೂ ಇಲ್ಲ. ನೇರ ಅದನ್ನೇ ಬರೆಸಬಹುದಲ್ಲ?

ಪ್ಯಾಕೆಟ್‌ಮೇಡಂ

ಈ ಪ್ರಶ್ನೆ ಬಂದೇ ಬರುತ್ತದೆ ಎಂದು ಗೊತ್ತಿತ್ತು. ಎರಡು ಕಾರಣ.

ಒಂದು, ಕ್ವಿಕ್ ಬರೆಯಲು ಡೇಟಾ ಗುಟ್ಟಾಗಿಡುವ ಪ್ರೊಟೊಕಾಲ್ ಟಿಎಲ್‌ಎಸ್ 1.3 ಬೇಕೇ ಬೇಕು. ಮೊದಲ ಪ್ಯಾಕೆಟ್ ಬಿಚ್ಚಲೂ ಕ್ರಿಪ್ಟೋ ಬೇಕು. ಲೈಬ್ರರಿ ತಂದು ಜೋಡಿಸುವುದರಲ್ಲೇ ತಿಂಗಳು ಹೋಗುತ್ತದೆ. ಟಿಸಿಪಿಯಲ್ಲಿ ಟಿಸಿಪಿಡಂಪ್ ತೆರೆದರೆ ನಡೆದದ್ದೆಲ್ಲ ಬರಿಗಣ್ಣಿಗೆ ಕಾಣುತ್ತದೆ. ಕಲಿಯುವವರಿಗೆ ಅದು ದೊಡ್ಡ ವಿಷಯ.

ಎರಡನೆಯದೇ ಮುಖ್ಯ. ಕ್ವಿಕ್‌ನಲ್ಲಿ ಪ್ಯಾಕೆಟ್ ಕಳೆದದ್ದು ಪತ್ತೆ ಮಾಡುವ ಭಾಗ ಆರ್‌ಎಫ್‌ಸಿ 9002ರಲ್ಲಿದೆ. ತೆರೆದು ನೋಡಿ. ಹೋಗಿಬರುವ ಸಮಯದ ಸರಾಸರಿಗೆ ಹೊಸ ಅಳತೆಯ ಎಂಟನೇ ಒಂದು ಭಾಗ ಸೇರಿಸು. ಏರಿಳಿತಕ್ಕೆ ನಾಲ್ಕನೇ ಒಂದು ಭಾಗ. ಕಾಯುವ ಹೊತ್ತು ಎಂದರೆ ಸರಾಸರಿಗೆ ಏರಿಳಿತದ ನಾಲ್ಕರಷ್ಟು ಕೂಡಿಸಿದ್ದು. ಆಮೇಲೆ ಎದುರಿನವನು ಎಸಿಕೆ ತಡ ಮಾಡುವ ಹೊತ್ತನ್ನೂ ಸೇರಿಸುತ್ತಾರೆ. ಮೊದಲ ಮೂರೂ ಟಿಸಿಪಿಯ 6298ರಲ್ಲಿ ಇರುವ ಅಂಕಿಗಳೇ. ಬೇರು 1988ರ ಜೇಕಬ್‌ಸನ್ ಪೇಪರ್. 793ರಲ್ಲಿ ಸರಾಸರಿಯನ್ನು 1.3ರಿಂದ 2ರವರೆಗಿನ ಒಂದು ಅಂಕಿಯಿಂದ ಗುಣಿಸು ಎಂದಷ್ಟೇ ಇತ್ತು. 2 ಇಟ್ಟರೂ ಲೈನ್ ನೂರಕ್ಕೆ 30 ತುಂಬುವವರೆಗೆ ಮಾತ್ರ ಅದು ನಡೆಯುತ್ತದೆ ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ಸರಾಸರಿ ಸಾಲದು, ಏರಿಳಿತವನ್ನೂ ಅಳೆಯಬೇಕು ಎಂಬುದು ಅವರ ಹೊಸ ವಿಚಾರ.

ಹಾಗಂತ ಕ್ವಿಕ್ ಸುಮ್ನೆ ನಕಲು ಮಾಡಿಲ್ಲ. ಟಿಸಿಪಿಯಲ್ಲಿ ಒಂದೇ ತುಂಡನ್ನು ಎರಡು ಸಲ ಕಳಿಸಿದ ಮೇಲೆ ಎಸಿಕೆ ಬಂದರೆ ಅದು ಮೊದಲನೆಯದಕ್ಕಾ ಎರಡನೆಯದಕ್ಕಾ ಗೊತ್ತಾಗುವುದಿಲ್ಲ. ಆ ಅಳತೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ ಎಂದು 1987ರಲ್ಲಿ ಕಾರ್ನ್ ಮತ್ತು ಪಾರ್ಟ್ರಿಜ್ ಹೇಳಿದರು. ಕ್ವಿಕ್‌ನವರು ಪ್ಯಾಕೆಟ್ ನಂಬರನ್ನು ಎಂದೂ ಮರುಬಳಕೆ ಮಾಡುವುದಿಲ್ಲ. ಗೊಂದಲವೇ ಇಲ್ಲ. ಆದರೆ ಈ ಜಾಣತನ ರುಚಿಸಬೇಕಾದರೆ ಮೊದಲು ಕಾರ್ನ್ ಅಲ್ಗಾರಿದಮ್ ಬರೆದು ಒದ್ದಾಡಿರಬೇಕು.

ಕಡಲಾಚೆ_ಕನ್ನಡಿಗ

ಒಪ್ಪಿದೆ. ಹಾಗಿದ್ದರೆ ನನ್ನದೊಂದು ಲ್ಯಾಬ್ ಪ್ರಶ್ನೆ ಸೇರಿಸಿ. ನಮ್ಮ ಮನೆಯಿಂದ ಬೆಂಗಳೂರಿಗೆ ಹೋಗಿಬರಲು 250 ಮಿಲಿಸೆಕೆಂಡ್ ಎಂದುಕೊಳ್ಳಿ. ಟಿಸಿಪಿ ಹೆಡರ್‌ನಲ್ಲಿ ವಿಂಡೋ (ಎಸಿಕೆಗೆ ಕಾಯದೆ ಎಷ್ಟು ಕಳಿಸಬಹುದು ಎಂಬ ಅಂಕಿ) 16 ಬಿಟ್, ಹೆಚ್ಚೆಂದರೆ 65,535 ಬೈಟ್. ಒಂದು ಸುತ್ತಿಗೆ ಅಷ್ಟೇ ಕಳಿಸಬಹುದು. ಸೆಕೆಂಡಿಗೆ ನಾಲ್ಕು ಸುತ್ತು. ಗುಣಿಸಿದರೆ ಸುಮಾರು 2.1 ಮೆಗಾಬಿಟ್. ಎರಡೂ ಕಡೆ ಗಿಗಾಬಿಟ್ ಫೈಬರ್ ಇದ್ದರೂ ಒಂದು ಕನೆಕ್ಷನ್‌ಗೆ ಸಿಗುವುದು ಅಷ್ಟೇ. ಈ ಮಿತಿ ಹಿಗ್ಗಿಸುವ ವಿಂಡೋ ಸ್ಕೇಲಿಂಗ್ ಬರೆಯುವ ಮುಂಚೆ ಒಮ್ಮೆ, ಬರೆದ ಮೇಲೆ ಒಮ್ಮೆ ನೆಟೆಮ್‌ನಲ್ಲಿ 250 ಇಟ್ಟು ಅಳೆಯಿಸಿ.

ಪ್ಯಾಕೆಟ್‌ಮೇಡಂ

ಸೇರಿಸಿದೆ.

ರಸ್ಟ್‌ಪ್ರೇಮಿ

ಭಾಷೆ ಯಾವುದು? ಸಿ ಎಂದರೆ ಪಾಯಿಂಟರ್ ತಪ್ಪುಗಳಲ್ಲೇ ಸೆಮಿಸ್ಟರ್ ಮುಗಿಯುತ್ತದೆ. ರಸ್ಟ್‌ನಲ್ಲಿ ಬರೆಸಿ. ಅದರಲ್ಲೇ ಬರೆದ ಸ್ಮಾಲ್‌ಟಿಸಿಪಿ ನೋಡಿ, ಓದಲು ಚಂದ ಇದೆ.

ಹಳೇ_ಮೋಡೆಮ್

ರಸ್ಟ್‌ನಲ್ಲಿ ಕಂಪೈಲರ್ ಜೊತೆ ಜಗಳ ಆಡುವುದರಲ್ಲೇ ಸೆಮಿಸ್ಟರ್ ಮುಗಿಯುತ್ತದೆ. ಒಟ್ಟಿನಲ್ಲಿ ಮುಗಿಯುತ್ತದೆ.

ಪ್ಯಾಕೆಟ್‌ಮೇಡಂ

ಅವರವರ ಇಷ್ಟ. ಪರೀಕ್ಷೆ ವೈರ್ ಮೇಲೆ, ಸೋರ್ಸ್ ಮೇಲೆ ಅಲ್ಲ. ಸಿ ಆರಿಸುವವರಿಗೆ ಸ್ವೀಡನ್ನಿನ ಆ್ಯಡಂ ಡಂಕೆಲ್ಸ್ ಶುರು ಮಾಡಿದ ಎಲ್‌ಡಬ್ಲ್ಯುಐಪಿ ಎಂಬ ಟಿಸಿಪಿ/ಐಪಿ ಕೋಡ್ ಓದಲು ಹೇಳುತ್ತೇನೆ. ಹತ್ತಾರು ಕಿಲೋಬೈಟ್ ರ‍್ಯಾಮ್ ಇರುವ ಪುಟ್ಟ ಬೋರ್ಡ್‌ಗಳಿಗೆ ಬರೆದದ್ದು, ಅದಕ್ಕೇ ಕೋಡ್ ಚಿಕ್ಕದಿದೆ. ಲಿನಕ್ಸ್ ಸೋರ್ಸ್‌ಗೆ ಮೊದಲೇ ಕೈ ಹಾಕಿದರೆ ಹೆದರಿ ಎಲೆಕ್ಟಿವ್ ಬದಲಾಯಿಸುತ್ತಾರೆ.

ಬೀಗದಕೈ

ಸೆಕ್ಯುರಿಟಿ ಬಗ್ಗೆ ಒಂದೂ ವಾರ ಇಲ್ಲವಲ್ಲ ಮೇಡಂ? ಶುರುವಿನ ಸೀಕ್ವೆನ್ಸ್ ನಂಬರ್ ಊಹಿಸಿ ಬೇರೆಯವರ ಹೆಸರಲ್ಲಿ ಕನೆಕ್ಷನ್ ಮಾಡಬಹುದು ಎಂದು ರಾಬರ್ಟ್ ಮೋರಿಸ್ 1985ರಲ್ಲೇ ಬರೆದಿದ್ದರು. ಅದಕ್ಕೆ ಸರಿಯಾದ ಮದ್ದು ಬೆಲೋವಿನ್ ಅವರ ಆರ್‌ಎಫ್‌ಸಿ 1948, ಬಂದದ್ದು 1996ರಲ್ಲಿ. ಅದೇ ವರ್ಷ ನ್ಯೂಯಾರ್ಕಿನ ಪ್ಯಾನಿಕ್ಸ್ ಎಂಬ ಐಎಸ್‌ಪಿಯನ್ನು ಸಿನ್ ಫ್ಲಡ್‌ನಿಂದ (ಸುಳ್ಳು ಸಿನ್ ಪ್ಯಾಕೆಟ್‌ಗಳ ಪ್ರವಾಹ) ಕೆಡವಿದರು. ಅದರ ಬೆನ್ನಿಗೇ ಡಿ.ಜೆ. ಬರ್ನ್‌ಸ್ಟೈನ್ ಸಿನ್ ಕುಕಿ ಕೊಟ್ಟರು. ಸರ್ವರ್ ಏನನ್ನೂ ನೆನಪಿಟ್ಟುಕೊಳ್ಳದೆ, ನೆನಪಿಡಬೇಕಾದ್ದನ್ನೆಲ್ಲ ತನ್ನ ಸೀಕ್ವೆನ್ಸ್ ನಂಬರ್‌ನೊಳಗೇ ಅಡಗಿಸಿ ಕಳಿಸುವ ಉಪಾಯ. ನನ್ನ ಪ್ರಕಾರ ಇಡೀ ಟಿಸಿಪಿಯಲ್ಲಿ ಇಷ್ಟು ಚಂದದ ತಂತ್ರ ಇನ್ನೊಂದಿಲ್ಲ.

ಇನ್ನೊಂದು: 'ಕಳಿಸುವಾಗ ಬಿಗಿ, ತೆಗೆದುಕೊಳ್ಳುವಾಗ ಸಡಿಲ' ಎಂಬ ಪೋಸ್ಟೆಲ್ ನಿಯಮವನ್ನು (ಆರ್‌ಎಫ್‌ಸಿಗಳ ಸಂಪಾದಕರಾಗಿದ್ದ ಜಾನ್ ಪೋಸ್ಟೆಲ್ ಹೇಳಿದ್ದು) ವೇದವಾಕ್ಯದಂತೆ ಕಲಿಸಬೇಡಿ. ತಪ್ಪು ಪ್ಯಾಕೆಟ್ ಒಪ್ಪಿಕೊಂಡರೆ ಕಳಿಸುವವನು ಯಾವತ್ತೂ ತಿದ್ದಿಕೊಳ್ಳುವುದಿಲ್ಲ. 2023ರ ಆರ್‌ಎಫ್‌ಸಿ 9413 ಇದನ್ನೇ ಹೇಳುತ್ತದೆ.

ಪ್ಯಾಕೆಟ್‌ಮೇಡಂ

ಸೆಕ್ಯುರಿಟಿಗೆ ಬೇರೆ ವಾರ ಇಡುವುದಿಲ್ಲ, ಬೇಕೆಂದೇ. ಶುರುವಿನ ನಂಬರ್ ಆರಿಸುವ ವಾರದಲ್ಲೇ ಮೋರಿಸ್ ಬರುತ್ತಾರೆ. ಲಿಸನ್ ಕ್ಯೂ (ಬಂದ ಕನೆಕ್ಷನ್ ಕೇಳಿಕೆಗಳ ಸಾಲು) ಬರೆಯುವ ವಾರದಲ್ಲೇ ಪ್ಯಾನಿಕ್ಸ್ ಬರುತ್ತದೆ. ಪೋಸ್ಟೆಲ್ ನಿಯಮದ ಬಗ್ಗೆ ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ಇವತ್ತು ಹೊಸ ಪ್ರೊಟೊಕಾಲ್ ಮಾಡುವವರಿಗೆ 9413 ಸರಿ. 1980ರಲ್ಲಿ ಒಬ್ಬೊಬ್ಬರ ಕೋಡ್ ಒಂದೊಂದು ತರಹ ಇದ್ದಾಗ ಆ ಸಡಿಲ ಇಲ್ಲದಿದ್ದರೆ ಎರಡು ಮೆಷಿನ್ ಮಾತಾಡುತ್ತಲೇ ಇರಲಿಲ್ಲ.

ಕೆಂಪುಶಾಯಿ

ನಾನೂ ಪಾಠ ಮಾಡುವವನು. ಮೇಡಂ, ಅಂಕ ಹೇಗೆ ಕೊಡುತ್ತೀರಿ? ಟಿಸಿಪಿ ಕೋಡ್ ಗಿಟ್‌ಹಬ್‌ನಲ್ಲಿ ರಾಶಿ ಬಿದ್ದಿದೆ. ಈಗ ಎಐ ಟೂಲ್ ಕೇಳಿದರೆ ಸ್ಟೇಟ್ ಮೆಷಿನ್ ಪೂರ್ತಿ ಬರೆದುಕೊಡುತ್ತದೆ. ಒಬ್ಬನ ಹತ್ತಿರ ಇದ್ದರೆ ಹತ್ತು ಜನರ ಹತ್ತಿರ ಇರುತ್ತದೆ.

ಪ್ಯಾಕೆಟ್‌ಮೇಡಂ

ಕೋಡ್‌ಗೆ ಅಂಕ ಕಮ್ಮಿ, ಟ್ರೇಸ್ (ಹೋಗಿಬಂದ ಪ್ಯಾಕೆಟ್‌ಗಳ ದಾಖಲೆ) ಓದುವುದಕ್ಕೆ ಜಾಸ್ತಿ. ವೈವಾದಲ್ಲಿ ಅವರದೇ ಪ್ರೋಗ್ರಾಮ್‌ನ ಪ್ಯಾಕೆಟ್ ಟ್ರೇಸ್ ಮುಂದಿಡುತ್ತೇನೆ. ಒಂದು ಪ್ಯಾಕೆಟ್ ಮೇಲೆ ಬೆರಳಿಟ್ಟು 'ಇದು ಈ ಹೊತ್ತಿಗೆ ಯಾಕೆ ಹೊರಟಿತು? 200 ಮಿಲಿಸೆಕೆಂಡ್ ಮುಂಚೆ ಯಾಕೆ ಹೊರಡಲಿಲ್ಲ?' ಎಂದು ಕೇಳುತ್ತೇನೆ. ಬೇರೆಯವರ ಕೋಡ್ ಆದರೆ ಅಲ್ಲೇ ಗೊತ್ತಾಗುತ್ತದೆ. ಉದಾಹರಣೆಗೆ, ಕಾಯುವ ಹೊತ್ತು ಲೆಕ್ಕದಲ್ಲಿ 1 ಸೆಕೆಂಡಿಗಿಂತ ಕಮ್ಮಿ ಬಂದರೆ 1 ಸೆಕೆಂಡಿಗೆ ಏರಿಸಿ ಎಂದು 6298 ಹೇಳುತ್ತದೆ. ಲಿನಕ್ಸ್ ಇಟ್ಟುಕೊಂಡಿರುವ ಕನಿಷ್ಠ 200 ಮಿಲಿಸೆಕೆಂಡ್. ಅದು 'ಮಸ್ಟ್' (ಮಾಡಲೇಬೇಕು) ಅಲ್ಲ 'ಶುಡ್' (ಮಾಡುವುದು ಒಳ್ಳೆಯದು) ಆದ್ದರಿಂದ ಅಷ್ಟು ಸ್ವಾತಂತ್ರ್ಯ ಇದೆ. ನೀನು ಯಾವುದು ಇಟ್ಟೆ, ಯಾಕೆ ಇಟ್ಟೆ ಎಂಬುದಕ್ಕೆ ಉತ್ತರ ಬೇಕು. ಎಐ ಟೂಲ್ ಕೇಳಿ ಬರೆದರೂ ಸರಿ, ಉತ್ತರ ಅವರದ್ದಾಗಿರಬೇಕು.

ಇನ್ನು ಸೆಮಿಸ್ಟರ್ ಕೊನೆಗೆ ಒಂದು ದಿನ ಎಲ್ಲರ ಟಿಸಿಪಿ ಎಲ್ಲರ ಟಿಸಿಪಿ ಜೊತೆ ಮಾತಾಡಬೇಕು. ಇದು ನನ್ನ ತಲೆಯಿಂದ ಬಂದದ್ದಲ್ಲ. ಜಾನ್ ಪೋಸ್ಟೆಲ್ ಕಾಲದಲ್ಲಿ ಟಿಸಿಪಿ ಬರೆದವರನ್ನೆಲ್ಲ ಸೇರಿಸಿ 'ಬೇಕ್ ಆಫ್' ಎಂದು ಪಂದ್ಯ ಇಡುತ್ತಿದ್ದರು. ನಿಯಮಗಳು ಆರ್‌ಎಫ್‌ಸಿ 1025ರಲ್ಲಿ ಇವೆ, 1987ರದ್ದು. ಕುಸ್ತಿಯ ಹಾಗೆ ತೂಕದ ವಿಭಾಗಗಳು ಬೇರೆ! ನಿಮ್ಮ ಟಿಸಿಪಿ ತನ್ನ ಜೊತೆ ತಾನೇ ಕನೆಕ್ಷನ್ ತೆರೆದರೆ 1 ಅಂಕ. ಸಾಧ್ಯವಾದಷ್ಟು ಫ್ಲ್ಯಾಗ್, ಆಪ್ಷನ್, ಡೇಟಾ ಎಲ್ಲ ಒಟ್ಟಿಗೆ ತುಂಬಿದ 'ಕಾಮಿಕಾಝೆ' ಪ್ಯಾಕೆಟ್‌ನ್ನು ಸರಿಯಾಗಿ ನಿಭಾಯಿಸಿದರೆ 10 ಅಂಕ. ಎದುರಾಳಿಯ ಮೆಷಿನ್ ಕೆಡವಿದರೂ ಅಂಕ ಇದೆ, ನ್ಯಾಯವಾದ ಏಟಿಗೂ ಇದೆ, ಕಳ್ಳ ಏಟಿಗೂ ಇದೆ. ಗಂಭೀರ ಮುಖದ ಆರ್‌ಎಫ್‌ಸಿಗಳ ನಡುವೆ ಇದನ್ನು ಓದಿ ನಾನು ಜೋರಾಗಿ ನಕ್ಕಿದ್ದೆ.

ಕರ್ನಲ್‌ಕಪಿ

ಆ ದಿನಕ್ಕೆ ನಾನು ಬರುತ್ತೇನೆ. ಕಳ್ಳ ಏಟಿನ ವಿಭಾಗಕ್ಕೆ ನನ್ನ ಹೆಸರು ಬರೆದುಕೊಳ್ಳಿ.

ಬೀಗದಕೈ

ನನ್ನದೂ.

ಊರಕಡೆ_ನೆಟ್

ಐಪಿಯ ಹೊಸ ಆವೃತ್ತಿ ಐಪಿವಿ6 ಎಲ್ಲಿ ಮೇಡಂ? ಗೂಗಲ್ ಅಳತೆಯಲ್ಲಿ ಭಾರತದ ಅರ್ಧಕ್ಕಿಂತ ಜಾಸ್ತಿ ಬಳಕೆ ಅದರ ಮೇಲೇ ಇದೆ. ನಮ್ಮ ಹಳ್ಳಿಯ ಮೊಬೈಲ್‌ನಲ್ಲೂ ಅದೇ ಬರುತ್ತದೆ.

ಪ್ಯಾಕೆಟ್‌ಮೇಡಂ

ಸರಿಯಾದ ಮಾತು. ಮೂರನೇ ವಾರಕ್ಕೆ ಐಪಿವಿ6 ಪಿಂಗ್ ಸೇರಿಸುತ್ತೇನೆ. ಹೆಡರ್‌ನಲ್ಲಿ ಚೆಕ್‌ಸಮ್ ಇಲ್ಲ, ದಾರಿಯಲ್ಲಿ ರೂಟರ್ ತುಂಡು ಮಾಡುವುದಿಲ್ಲ, ಬರೆಯಲು ಒಂದು ರೀತಿ ಸುಲಭವೇ. ಜಾಗಕ್ಕಾಗಿ ಡಿಎನ್‌ಎಸ್ ರಿಸಾಲ್ವರ್ ಬಿಡುತ್ತೇನೆ.

ಎಂಟೆಕ್_ಹುಡುಗ

ಮೇಡಂ, ಕಾಯಲಾಗದೆ ಮೊದಲ ಲ್ಯಾಬ್ ನಾನೇ ಮಾಡಿ ನೋಡಿದೆ. ಟನ್ ಮಾಡಿದೆ, ಈ ಕಡೆ 10.0.0.1, ನನ್ನ ಪ್ರೋಗ್ರಾಮ್ 10.0.0.2. ಪಿಂಗ್ ಬಂದದ್ದು ಓದುತ್ತೇನೆ. ಕಳಿಸಿದವನ ವಿಳಾಸ, ತಲುಪಬೇಕಾದ ವಿಳಾಸ ಅದಲುಬದಲು ಮಾಡುತ್ತೇನೆ. ಐಸಿಎಂಪಿ ಟೈಪ್ 8 (ಕೇಳಿಕೆ) ಇದ್ದದ್ದನ್ನು 0 (ಉತ್ತರ) ಮಾಡಿ ವಾಪಸ್ ಬರೆಯುತ್ತೇನೆ. ಟಿಸಿಪಿಡಂಪ್‌ನಲ್ಲಿ ರಿಪ್ಲೈ ಕಾಣುತ್ತದೆ. ಪಿಂಗ್ ಕಮಾಂಡ್ ಮಾತ್ರ ಏನೂ ಬಂದಿಲ್ಲ ಅನ್ನುತ್ತದೆ. ಎಲ್ಲಿ ಹೋಯಿತು?

ಕರ್ನಲ್‌ಕಪಿ

ಟಿಸಿಪಿಡಂಪ್‌ಗೆ ಎರಡು ವಿ (-vv, ಹೆಚ್ಚು ವಿವರಕ್ಕೆ) ಕೊಟ್ಟು ನೋಡಿ. ಐಪಿ ಚೆಕ್‌ಸಮ್ ಬಗ್ಗೆ ತಕರಾರು ಇರುವುದಿಲ್ಲ, ಐಸಿಎಂಪಿ ಚೆಕ್‌ಸಮ್ ತಪ್ಪು ಎಂದು ಬರೆದಿರುತ್ತದೆ.

ಎಂಟೆಕ್_ಹುಡುಗ

ಹೌದು! ಹಾಗೇ ಇದೆ. ಎರಡನ್ನೂ ನಾನು ಮುಟ್ಟಿಲ್ಲ. ಒಂದು ಸರಿ, ಒಂದು ತಪ್ಪು ಹೇಗೆ?

ಕರ್ನಲ್‌ಕಪಿ

ಐಪಿ ಚೆಕ್‌ಸಮ್ ಅಂದರೆ ಕೂಡುವುದು. ಎರಡು ವಿಳಾಸ ಅದಲುಬದಲು ಮಾಡಿದರೆ ಮೊತ್ತ ಬದಲಾಗುವುದಿಲ್ಲ, ಅದಕ್ಕೇ ಹಳೆಯದೇ ನಡೆಯಿತು. ಟೈಪ್ 8ನ್ನು 0 ಮಾಡಿದಾಗ ಐಸಿಎಂಪಿ ಮೊತ್ತ ಬದಲಾಯಿತು, ಚೆಕ್‌ಸಮ್ ಹಳೆಯದೇ ಉಳಿಯಿತು. ಕರ್ನಲ್ ಅಂಥ ಪ್ಯಾಕೆಟ್‌ನ್ನು ಸದ್ದಿಲ್ಲದೆ ಎಸೆಯುತ್ತದೆ. ಎನ್‌ಸ್ಟ್ಯಾಟ್ ಕಮಾಂಡ್‌ನಲ್ಲಿ ಐಸಿಎಂಪಿ ಚೆಕ್‌ಸಮ್ ತಪ್ಪಿನ ಲೆಕ್ಕ ಏರಿರುತ್ತದೆ, ನೋಡಿ.

ಎಂಟೆಕ್_ಹುಡುಗ

ಚೆಕ್‌ಸಮ್ ಸೊನ್ನೆ ಮಾಡಿ ಮತ್ತೆ ಲೆಕ್ಕ ಹಾಕಿದೆ. ಬಂತು ಸರ್! 10.0.0.2ರಿಂದ 64 ಬೈಟ್, ಟಿಟಿಎಲ್ 64.

ಪ್ಯಾಕೆಟ್‌ಮೇಡಂ

ಭೇಷ್. ಈಗ ಪಿಂಗ್‌ಗೆ ಡೇಟಾ ಉದ್ದ 56ರ ಬದಲು 57 ಎಂದು ಕೊಟ್ಟು ನೋಡಿ. ಚೆಕ್‌ಸಮ್ ಎರಡೆರಡು ಬೈಟ್ ತೆಗೆದುಕೊಂಡು ಕೂಡುತ್ತದೆ. ಕೊನೆಯ ಒಂಟಿ ಬೈಟ್‌ಗೆ ನಿಮ್ಮ ಕೋಡ್ ಏನು ಮಾಡುತ್ತದೆ, ಇಲ್ಲೇ ಬರೆಯಿರಿ.